ಹನ್ನೊಂದು ಟಿಕ್ ಎಡಕ್ಕೆ

"ಎಲ್ಲಿ ಅಡಗಿ ಕೂತಿದ್ದೀಯೋ, ಮಾರಾಯ?"

ಗುರುವಾರ ಬೆಳಗಿನ ಐದೂವರೆ. ವೆಂಡೆಲ್ ಸ್ಟೋಕಿ ಸಿಮೆಂಟು ನೆಲಕ್ಕೆ ಮಂಡಿಯೂರಿ, ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮೇಜಿನಡಿಯಲ್ಲಿ ಮೆಲ್ಲಗೆ ಎಳೆಯುತ್ತಿದ್ದಾರೆ. ಪ್ರಶ್ನೆ ಅವರ ಕೆಲಸ ನೋಡಲು ಬಂದು ಕೂತ ನನಗೆ ಕೇಳಿದ್ದಲ್ಲ, ಮೂಲೆಯಲ್ಲಿ ಗೊರಕೆ ಹೊಡೆಯುತ್ತಿರುವ ನಾಯಿ ಡಾಟಿಗೂ ಅಲ್ಲ. ಕಳೆದಿರುವುದು ಜೀರಿಗೆ ಕಾಳಿಗಿಂತ ಸಣ್ಣದೊಂದು ಸ್ಪ್ರಿಂಗ್. ಒತ್ತಿದ ಬೆರಳಿನಡಿಯಿಂದ ಚಿಮ್ಮಿ ಹೋಗಿದೆ. ಹೊಸದು ತರಿಸಿದರೆ ಅಂಚೆಯಲ್ಲಿ ಬರಲು ಹತ್ತು ದಿನ. ಶನಿವಾರ ಬೆಳಗಾದರೆ ಕುರಿ ಸಾಕುವ ಮೈತೆ ತನ್ನ ಒಂಬೈನೂರು ಕುರಿ ಹೊಡೆದುಕೊಂಡು ಬೆಟ್ಟ ಹತ್ತಬೇಕು. ಮೇಲಿನ ಹುಲ್ಲುಗಾವಲಿನಲ್ಲಿ ಈ ವರ್ಷ ಮರಿ ಹಾಕಿದ ಕರಡಿಯಿದೆ. ಮೇಜಿಗೆ ಬಿಗಿದ ವೈಸಿನ ಹಿಡಿತದಲ್ಲಿ, ಎರಡು ತೊಗಲಿನ ತುಂಡುಗಳ ನಡುವೆ ಕೂತಿರುವ ರಿವಾಲ್ವರ್ ಅವಳದು. ಅಂದರೆ, ಅವಳ ಗಂಡ ಬೆನ್ಯಾತ್‌ನದು.

ಐಡಹೋದ ನಮ್ಮ ಕಣಿವೆಯಲ್ಲಿ ಬಂದೂಕಿಲ್ಲದ ಮನೆ ಕಡಿಮೆ. ಅದು ಕೆಟ್ಟರೆ ಸರಿಮಾಡುವವರು ಇವರೊಬ್ಬರೇ. ಮನೆಯ ಹಿಂದಿನ ಕಾರ್ ಶೆಡ್ಡೇ ಅಂಗಡಿ. ಬೋರ್ಡಿಲ್ಲ. ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: 'ಸಿಲಿಂಡರ್ ತೆರೆದು ಹಿಡ್ಕೊಂಡು ಒಳಗೆ ಬನ್ನಿ.' ಪಾದ್ರಿಯೇ ಬಂದರೂ ಗುಂಡು ತುಂಬುವ ಆ ಉರುಳೆಯ ಖಾಲಿ ತೂತುಗಳನ್ನು ತೋರಿಸಿಯೇ ಹೊಸ್ತಿಲು ದಾಟಬೇಕು. ನಲವತ್ತೆರಡು ವರ್ಷದಲ್ಲಿ ಈ ಶೆಡ್ಡಿನೊಳಗೆ ತಪ್ಪಿ ಹಾರಿದ ಗುಂಡು ಒಂದೂ ಇಲ್ಲ.

ವೆಂಡೆಲ್‌ಗೆ ಎಪ್ಪತ್ತೊಂದು. ಬೆಳ್ಳಿ ಗಣಿಯ ಯಂತ್ರಶಾಲೆಯಲ್ಲಿ ಅರ ಹಿಡಿಯಲು ಕಲಿತರು. ಗಣಿ ಮುಚ್ಚಿದಾಗ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಂದು ಚೀಲ ಆಲೂಗಡ್ಡೆ. ಆ ಚಳಿಗಾಲ ಸೌದೆ ಕಡಿಯಲು ಹೋಗಿ ಬಲಗೈಯ ಎರಡು ಬೆರಳ ತುದಿ ಮರಗಟ್ಟಿದವು, ಮತ್ತೆ ಜೀವ ಬರಲಿಲ್ಲ. "ಬೆರಳಿಗೆ ಗೊತ್ತಾಗದ್ದನ್ನ ಕಿವಿಗೆ ಕಲಿಸಿದೆ, ಅಷ್ಟೆ" ಎನ್ನುತ್ತಾರೆ. ಅದಕ್ಕೇ ಈ ಶೆಡ್ಡಿನಲ್ಲಿ ರೇಡಿಯೋ ಇಲ್ಲ. ಸೂಕ್ಷ್ಮದ ಕೆಲಸವಿದ್ದರೆ ಫ್ರಿಜ್ಜನ್ನೂ ಆರಿಸುತ್ತಾರೆ.

ಗೋಡೆಯಲ್ಲಿ ಅರವತ್ತಮೂರು ಸ್ಕ್ರೂಡ್ರೈವರ್ ತೂಗುತ್ತಿವೆ. ಅಂಗಡಿಯಿಂದ ತಂದ ಹಾಗೇ ಬಳಸುವ ಪದ್ಧತಿಯಿಲ್ಲ. ಒಂದೊಂದು ಸ್ಕ್ರೂವಿನ ಸೀಳಿಗೂ ಒಂದೊಂದು ತುದಿ ಉಜ್ಜಿ ಇಟ್ಟಿದ್ದಾರೆ. ಬೇಟೆಯ ಕಾಲದಲ್ಲಿ ವಾರಕ್ಕೆ ಒಂಬತ್ತು ಬಂದೂಕು ಬರುತ್ತವೆ, ವಸಂತದಲ್ಲಿ ಎರಡೋ ಮೂರೋ. "ನಾನು ರಿಪೇರಿ ಮಾಡಿದ್ದು ಬೆಟ್ಟಕ್ಕೆ ಹೋಗಿ, ಒಂದು ಗುಂಡೂ ಹಾರಿಸದೆ ವಾಪಸ್ ಬರ್ಲಿ. ನಂಗೆ ಅಷ್ಟೇ ಆಸೆ" ಎಂದು ನಗುತ್ತಾರೆ.

ಈ ರಿವಾಲ್ವರಿನಲ್ಲಿ ಮುರಿದದ್ದು ಗುರಿಕಚ್ಚು. ನಳಿಗೆಯ ಮುಂತುದಿಯ ಮೊನೆಯನ್ನು ಹಿಂದಿನ ಯಾವ ಕಚ್ಚಿನೊಳಗೆ ಕೂರಿಸಿ ನೋಡುತ್ತೇವೋ, ಆ ಪುಟ್ಟ ಉಕ್ಕಿನ ಅಲಗು. ಮೈತೆ ಪಿಕಪ್ಪಿನ ಟಾಪಿನ ಮೇಲೆ ರಿವಾಲ್ವರ್ ಇಟ್ಟು, ಬೇಲಿಯ ಗೇಟು ಹಾಕಿ ಬಂದು, ಮರೆತು ಗಾಡಿ ಬಿಟ್ಟಿದ್ದಳು; ಅದು ಉರುಳಿ ರಸ್ತೆಗೆ ಬಿದ್ದಿತ್ತು.

"ಕಾಫಿ ಲೋಟ ಮರೆಯೋರನ್ನ ನೋಡಿದ್ದೆ" ಎಂದಿದ್ದರಂತೆ ವೆಂಡೆಲ್. "ಅದಿರ್ಲಿ, ಅಂಟು ಹಾಕಿದ ಮಹಾನುಭಾವರು ಯಾರು?"

"ನಾನೇ. ಪಿಂಗಾಣಿ ಬಸಿಗೆ ಹಿಡಿಯುತ್ತೆ, ಇದಕ್ಕೆ ಹಿಡಿಯಲ್ವಾ ಅಂತ."

"ಬಸಿ ಗುಂಡು ಹಾರಿಸಿ ಒದೆಯಲ್ಲ ಕಣೇ!"

ಆ ಅಂಟು ಬಿಡಿಸಲು ಒಂದಿಡೀ ದಿನ ಹಿಡಿಯಿತು. ಆಮೇಲೆ ಅಲಗನ್ನು ಹೊರುವ ಹೊಸ ಪಟ್ಟಿಯನ್ನು ದೀಪದ ಮಸಿಗೆ ಹಿಡಿದು ಕಪ್ಪಾಗಿಸಿ, ರಿವಾಲ್ವರಿನ ಮೇಲಿನ ತೋಡಿನಲ್ಲಿ ಇಳಿಸಿ ತೆಗೆದು, ಮಸಿ ಅಳಿಸಿಹೋದ ಕಡೆ ಮಾತ್ರ ಸಾಣೆಕಲ್ಲು ಆಡಿಸಿದರು. ಹದಿನಾಲ್ಕು ಸಲ ಇಳಿಸಿ ತೆಗೆದದ್ದನ್ನು ನಾನು ಎಣಿಸಿದೆ. ಹದಿನೈದನೆಯ ಸಲ ಪಟ್ಟಿ ತಾನಾಗಿ ಕೂತಿತು. ಉಳಿದದ್ದು ಅಲಗನ್ನು ಎಡಬಲಕ್ಕೆ ಜರುಗಿಸುವ ಸ್ಕ್ರೂ, ತಿರುಗಿಸಿದಾಗೆಲ್ಲ ಆ ಸ್ಕ್ರೂವನ್ನು ಟಿಕ್ ಅನ್ನಿಸುವ ಈ ಸ್ಪ್ರಿಂಗ್.

ಅಯಸ್ಕಾಂತ ಡಾಟಿಯ ಬೆನ್ನ ಮೇಲೆ ಹಾಯುತ್ತದೆ. ಮೇಲೆತ್ತಿದಾಗ ಅದರ ತುದಿಗೆ ಎರಡು ಕೂದಲು, ಒಂದು ಸ್ಪ್ರಿಂಗ್.

"ಕಳ್ಳಿ!" ನಾಯಿ ಬಾಲ ಬಡಿಯುತ್ತದೆ.

ಸ್ಪ್ರಿಂಗ್ ಕೂರಿಸಿದ ಮೇಲೆ ಅವರು ಮುರಿದ ಹಳೆಯ ಪಟ್ಟಿ ತೆಗೆದುಕೊಳ್ಳುತ್ತಾರೆ. ಅಲಗು ಹೋಗಿದ್ದರೂ ಅದರ ಸ್ಕ್ರೂ ಇನ್ನೂ ತಿರುಗುತ್ತದೆ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಡುಮಧ್ಯ ಬರುವವರೆಗೆ ತಿರುಗಿಸುತ್ತಾರೆ. ಜಪಸರದ ಮಣಿ ಸರಿಯುವಷ್ಟೇ ಸದ್ದು. ಹನ್ನೊಂದು. ಮತ್ತೆ ಅಷ್ಟೇ ಟಿಕ್ ಹಿಂದಕ್ಕೆ ತಿರುಗಿಸಿ, ಇದ್ದ ಹಾಗೇ ಮಾಡಿ, ಬೆಂಕಿಪೊಟ್ಟಣದೊಳಗೆ ಇಡುತ್ತಾರೆ.

"ಬೆನ್ಯಾತ್‌ಗೆ ಕುದುರೆ ಒದ್ದು ಮಣಿಕಟ್ಟು ಸೊಟ್ಟಗಿತ್ತು. ಟ್ರಿಗರ್ ಎಳೆದಾಗ ಕೈ ಬಲಕ್ಕೆ ಜರುಗೋದು. ಅದಕ್ಕೆ ಹನ್ನೊಂದು ಎಡಕ್ಕೆ ಇಟ್ಕೊಂಡಿದ್ದ. ಒಬ್ಬರಿಗೂ ಹೇಳಿರ್ಲಿಲ್ಲ ನೋಡಿ, ಜಂಬದ ಮನುಷ್ಯ."

ಹೋದ ಅಕ್ಟೋಬರಿನಲ್ಲಿ, ಕುರಿ ಇಳಿಸಿ ತಂದ ಮರುದಿನವೇ, ಬೆನ್ಯಾತ್ ಎದೆನೋವಿನಿಂದ ತೀರಿಕೊಂಡ.

ಏಳು ಗಂಟೆಗೆ ಮೈತೆ ಬರುತ್ತಾಳೆ. ಬೂಟಿನ ತುಂಬ ಕುರಿಹಟ್ಟಿಯ ಕೆಸರು, ಕೈಯಲ್ಲಿ ಚೋರಿಸೊ ಎಂಬ ಖಾರದ ಸಾಸೇಜ್ ಸುತ್ತಿದ ಪೊಟ್ಟಣ. "ನಿಂಗಲ್ಲ, ಡಾಟಿಗೆ" ಎಂದು ಮೇಜಿನ ಮೇಲಿಡುತ್ತಾಳೆ. ವೆಂಡೆಲ್ ಸಿಲಿಂಡರ್ ತೆರೆದು, ತೂತುಗಳನ್ನು ತೋರಿಸಿ, ರಿವಾಲ್ವರನ್ನು ಅವಳ ಅಂಗೈಗೆ ಕೊಡುತ್ತಾರೆ. ಅವಳು ಕಿಟಕಿಯತ್ತ ಹಿಡಿದು ಕಚ್ಚಿನೊಳಗಿಂದ ನೋಡುತ್ತಾಳೆ.

"ಅವನಿಟ್ಟ ಹಾಗೇ ಇದೆಯಾ?"

"ಇಲ್ಲ. ನಡುಮಧ್ಯಕ್ಕೆ ಇಟ್ಟಿದೀನಿ. ಅವನದು ಇದರಲ್ಲಿದೆ." ಬೆಂಕಿಪೊಟ್ಟಣ ಮುಂದೆ ತಳ್ಳಿ, ಹನ್ನೊಂದರ ಲೆಕ್ಕ ಹೇಳುತ್ತಾರೆ.

ಮೈತೆ ಬೆಂಕಿಪೊಟ್ಟಣ ತೆರೆಯುವುದಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕುತ್ತಾಳೆ. ವೆಂಡೆಲ್ ಆಗಲೇ ಶೆಡ್ಡಿನ ಹಿಂಬಾಗಿಲು ತೆಗೆದಿದ್ದಾರೆ. ಆಚೆ ಮಣ್ಣಿನ ದಿಬ್ಬ, ಅದಕ್ಕೆ ಚುಚ್ಚಿದ ಒಂದು ಕಾಗದದ ತಟ್ಟೆ.

"ಆರು ಗುಂಡು. ಎಲ್ಲಿ ಬೀಳುತ್ತೋ ನೋಡಿ ನಿನ್ನ ಕೈಗೆ ಕೂರಿಸ್ತೀನಿ."

"ನಂಗಾಗಲ್ಲ ವೆಂಡೆಲ್. ಅವನು ಹೋದ ಮೇಲೆ ಒಂದೂ ಹಾರಿಸಿಲ್ಲ."

"ಅದಕ್ಕೇ ಹೇಳ್ತಿರೋದು."

"ಹನ್ನೊಂದು ಟಿಕ್ ತಿರುಗಿಸಿ ಕೊಟ್ಬಿಡು, ಸಾಕು. ಅವನ ರಿವಾಲ್ವರ್ ಅವನಿಟ್ಟ ಹಾಗೇ ಇರ್ಲಿ. ಒಂದು ನಿಮಿಷದ ಕೆಲಸ ನಿಂಗೆ."

"ನಿನ್ನ ಮಣಿಕಟ್ಟು ನೆಟ್ಟಗಿದೆ ಕಣೇ. ಇಪ್ಪತ್ತೈದು ಹೆಜ್ಜೆಗೆ ಅರ್ಧ ಗೇಣು ಎಡಕ್ಕೆ ಹೋಗುತ್ತೆ. ಗುಂಡು ಹೋದ ಕಡೆಗೆ ಕರಡಿ ಜರುಗಿ ನಿಲ್ಲಲ್ಲ."

"ದಮ್ಮಯ್ಯ ಅಂತೀನಿ." ಅವಳ ಸ್ವರ ಇಳಿದಿದೆ. "ಇದೊಂದು ಬೇಸಿಗೆ."

ಅರವತ್ತಮೂರರಲ್ಲಿ ಅತಿ ಸಣ್ಣ ಸ್ಕ್ರೂಡ್ರೈವರ್ ವೆಂಡೆಲ್ ಕೈಯಲ್ಲೇ ಇದೆ. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ಆರು ಗುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸುತ್ತಾರೆ.

"ಇಲ್ಲ, ಮೈತೆ. ತಿರುಗಿಸಲ್ಲ."