ಕತ್ತಲಲ್ಲಿ ಎಳೆದುಕೊಂಡ ಉಸಿರು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಿರುಚಕ್ಕ ಎಂದೇ. ನಾಯಕಿಯರು ಬಾಯಿ ತೆರೆಯುತ್ತಾರೆ, ಕಿರುಚುವವಳು ಇವಳು. ಹಾವು ಕಂಡು ಕಿರುಚುವುದು ಬೇರೆ, ಹೆಣ ಕಂಡು ಕಿರುಚುವುದು ಬೇರೆ, ಆ ಹೆಣ ಎದ್ದು ಕೂತರೆ ಅದರ ಮಾತೇ ಬೇರೆ. ಯಾವುದನ್ನು ಕೇಳಿದರೂ ನಿಂತ ನಿಲುವಿನಲ್ಲೇ ಕೊಡುತ್ತಾಳೆ. "ಹೆದರಿಸೋಕೆ ದೆವ್ವ ಯಾಕೆ, ನಾನೊಬ್ಬಳು ಸಾಲ್ದಾ?" ಎನ್ನುವ ಜಂಬವೂ ಉಂಟು. ಸುಳ್ಳು ಜಂಬವಲ್ಲ.

ಮನೆಯಲ್ಲಿ ಮಾತ್ರ ಅವಳ ದನಿ ಏರಿದ್ದನ್ನು ಯಾರೂ ಕೇಳಿಲ್ಲ. ಗಂಡ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೆ ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾಳೆ. ಕೊನೆಗೆ ಗಂಟಲಲ್ಲಿ 'ಕ್ಕ್' ಎಂದು ಸಣ್ಣದೊಂದು ಸದ್ದು. ಅಷ್ಟು ಕೇಳಿದ್ದೇ ತಡ, ಗಂಡ ತೆಪ್ಪಗೆ ಟವೆಲ್ ಎತ್ತಿಕೊಂಡು ಹೋಗಿ ಒಣಗಹಾಕುತ್ತಾನೆ. ಅತ್ತೆ ಇದನ್ನು ನೋಡಿ ಒಳಗೊಳಗೇ ನಗುತ್ತಾರೆ, ಆದರೆ ಸೊಸೆಯ ಕೆಲಸದ ಮಾತು ಬಂದರೆ ಮೂಗು ಮುರಿಯುತ್ತಾರೆ.

"ಬಾಯಿ ಬಡ್ಕೊಳ್ಳೋದೂ ಒಂದು ಕೆಲ್ಸಾನಾ? ಸಿನಿಮಾದಲ್ಲಿ ನಿನ್ನ ಹೆಸ್ರು ಎಲ್ಲಿ ಬರುತ್ತೆ, ತೋರ್ಸು ನೋಡೋಣ."

ಅದೇ ನೋಡಿ ಅವಳಿಗೆ ಚುಚ್ಚುತ್ತಿದ್ದ ಮುಳ್ಳು. ಇಷ್ಟು ವರ್ಷ ಕಿರುಚಿದರೂ ತೆರೆಯ ಮೇಲೆ ಅವಳ ಹೆಸರು ಬಂದಿರಲಿಲ್ಲ. ಒಂದೇ ಒಂದು ಸಲ ಅತ್ತೆ ಅದನ್ನು ಕಣ್ಣಾರೆ ಓದಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಹೀಗಿರುವಾಗ ಬಂತು ಆ ದೆವ್ವದ ಸಿನಿಮಾ. ರೀಲ್ಸ್ ಮಾಡಿ ಹೆಸರಾದ ಗೆಳೆಯರ ಗುಂಪೊಂದು ಫಾಲೋವರ್ಸ್ ಹೆಚ್ಚಲಿ ಎಂದು ಪಾಳುಬಿದ್ದ ಹೋಟೆಲ್ಲಿಗೆ ಹೋಗಿ ಮಾಯವಾಗುತ್ತದೆ. ಆಮೇಲೆ ಅವರ ಮೊಬೈಲುಗಳಲ್ಲಿ ಸಿಕ್ಕ ವಿಡಿಯೋಗಳೇ ಇಡೀ ಸಿನಿಮಾ. ನಟಿಸಿದವರೂ ನಿಜವಾದ ರೀಲ್ಸ್‌ನವರೇ. ನಾಯಕಿಗೆ ಎಲ್ಲವೂ ಬರುತ್ತಿತ್ತು, ಹೆದರುವುದೊಂದನ್ನು ಬಿಟ್ಟು. ದೆವ್ವ ಬೆನ್ನಿಗೆ ಬಿದ್ದರೂ ಮುಖಕ್ಕೆ ಬೆಳಕು ಬೀಳುವ ಕಡೆಗೇ ಓಡುತ್ತಿದ್ದಳು. ಕಿರುಚು ಎಂದರೆ ಸೆಲ್ಫಿಗೆ ನಿಂತವಳ ಹಾಗೆ ತುಟಿ ಚೂಪು ಮಾಡುತ್ತಿದ್ದಳು. ನಿರ್ದೇಶಕ ತಲೆ ಚಚ್ಚಿಕೊಂಡು ಕಿರುಚಕ್ಕನಿಗೆ ಫೋನ್ ಮಾಡಿದ.

"ಹೆಸ್ರು ಹಾಕ್ತೀರಾ?" ಎಂದು ಇವಳು ಮೊದಲೇ ಕೇಳಿದಳು.

"ಹಾಕೋಣ ಅಕ್ಕಾ, ಅದಕ್ಕೇನಂತೆ!"

ಕಿರುಚಿದಳು. ಗಾಜಿನಾಚೆ ಕೂತ ಸೌಂಡ್ ಎಂಜಿನಿಯರ್ ಎಂದಿನಂತೆ, ಕಿರುಚುವ ಮುಂಚೆ ಅವಳು ಎಳೆದುಕೊಂಡ ಉಸಿರನ್ನು ಕತ್ತರಿಸಲು ಹೊರಟ. ನಿರ್ದೇಶಕ ತಡೆದ. "ಅದು ಇರ್ಲಿ. ಮೊಬೈಲಲ್ಲಿ ಸಿಕ್ಕ ವಿಡಿಯೋಗೆ ಯಾರು ಕತ್ತರಿ ಹಾಕ್ತಾರೆ?"

"ಹೆದರಿದವ್ರು ಯಾರಾದ್ರೂ ಉಸಿರೆಳ್ಕೊಂಡು ತಯಾರಾಗ್ತಾರಾ?" ಎಂದು ಇವಳು ನಕ್ಕಳು. ಅವನು ಕೇಳಲಿಲ್ಲ.

ಬಿಡುಗಡೆಗೆ ಮುಂಚೆ ಅವನೇ ಮುಖ ಸಪ್ಪೆ ಮಾಡಿಕೊಂಡು ಬಂದ. "ಅಕ್ಕಾ, ಹೆಸ್ರು ಹಾಕೋಕಾಗಲ್ಲ. ಇದು ಸಿಕ್ಕಿದ ವಿಡಿಯೋ ಅಂತ ನಂಬಿಸ್ಬೇಕಲ್ಲ, ಯಾರ ಹೆಸ್ರೂ ಇಲ್ಲ. ನಂದೂ ಇಲ್ಲ. ಮನೇಲೂ ಹೇಳ್ಬೇಡಿ."

ಅವಳಿಗೆ ಹೊಟ್ಟೆ ಉರಿದುಹೋಯಿತು. ಆದರೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಬಾಯಿ ಹೊಲಿದುಕೊಂಡಳು. ಸುಮ್ಮನೆ ಒಂದು ಸಿನಿಮಾ ಎಂದು ಅತ್ತೆಯನ್ನೂ ಗಂಡನನ್ನೂ ಮೊದಲ ಆಟಕ್ಕೆ ಕರೆದುಕೊಂಡು ಹೋದಳು.

ತೆರೆಯ ಮೇಲೆ ನಾಯಕಿಯ ಕೈಯಿಂದ ಮೊಬೈಲ್ ಜಾರಿ ಬಿತ್ತು. ಎಲ್ಲೆಲ್ಲೂ ಕತ್ತಲು. ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. ಆ ಕತ್ತಲಲ್ಲಿ ಯಾರೋ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು. ಕೊನೆಗೆ, 'ಕ್ಕ್'.

ಗಂಡ ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದ. ಅತ್ತೆ ಪೂರ್ತಿಯಾಗಿ ಎದ್ದು ನಿಂತರು.

"ಅಯ್ಯೋ, ಇದು ನಮ್ಮ ಸೊಸೆ! ಈಗ ಕಿರುಚ್ತಾಳೆ, ಕಿವಿ ಮುಚ್ಕೊಳ್ರಪ್ಪಾ!"

ಥಿಯೇಟರೆಲ್ಲ ಗೊಳ್ಳೆಂದಿತು. ಹಿಂದಿನ ಸಾಲಿನಲ್ಲಿ ನಿರ್ದೇಶಕ ತಲೆಯ ಮೇಲೆ ಕೈಹೊತ್ತ. ಎಲ್ಲ ಮಣ್ಣುಪಾಲಾಯಿತು, ಮೊದಲೇ ಹೇಳಿ ಬರುವ ಕಿರುಚಾಟಕ್ಕೆ ಯಾರು ಹೆದರುತ್ತಾರೆ ಎಂದುಕೊಂಡಳು ಅವಳು.

ಆಗ ಬಂತು ಕಿರುಚಾಟ.

ನಗು ಅಲ್ಲಿಗೇ ಕಡಿದುಹೋಯಿತು. ಪಾಪ್‌ಕಾರ್ನ್ ಮೇಲಕ್ಕೆ ಹಾರಿತು. ದಪ್ಪನೆಯ ಗಂಡಸೊಬ್ಬ ಪಕ್ಕದ ಅಪರಿಚಿತನನ್ನು ತಬ್ಬಿಕೊಂಡ. ಎಚ್ಚರಿಕೆ ಕೊಟ್ಟ ಅತ್ತೆಯೇ ದೊಪ್ಪನೆ ಕೂತು ಸೊಸೆಯ ತೋಳಿಗೆ ಉಗುರು ನಾಟಿಸಿದ್ದರು.

"ಗೊತ್ತಿದ್ದೂ ಹೆದರ್ಕೊಂಡೆ ಕಣೇ," ಎಂದರು. ಸೊಸೆಗೆ ತೋಳು ಉರಿಯುತ್ತಿತ್ತು. ಅಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

ಸಿನಿಮಾ ಮುಗಿದಾಗ ತೆರೆಯ ಮೇಲೆ ಯಾರ ಹೆಸರೂ ಬರಲಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತು, ಹೊರಗೆ ಹೋಗುವ ಒಬ್ಬೊಬ್ಬರಿಗೂ ಸೊಸೆಯ ಹೆಸರನ್ನು ಹೇಳಿಯೇ ಕಳಿಸಿದರು.