ಬೀಸುಕಲ್ಲಿನ ಎದುರಿನ ಗುರು

ಅವ್ವಾರದು ಅಗಲ ಹಣೆ. ನಸುಕಿನಲ್ಲಿ ಬೀಸುಕಲ್ಲು ಹಿಡಿದರೆ ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಅದರ ಮೇಲೆ ಜೋಳದ ಹಿಟ್ಟು ಕೂಡುತ್ತಿತ್ತು. ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಒಂಟಿಯಾಗಿದ್ದ ವಿಧವೆ. ಓಣಿಯ ಹೆಂಗಸರಿಗೆ ಲಿಂಗಪೂಜೆ, ಶಿವನ ಪದ ಹೇಳಿಕೊಟ್ಟವರು ಅವರೇ.

ಚೊಚ್ಚಲ ಕೂಸು ತೀರಿಕೊಂಡ ಮೇಲೆ ನಾನು ಮಾತು ಬಿಟ್ಟಿದ್ದೆ. ದೇವರ ಜಗಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಬೈದರು, ಗಂಡ ಬೇಡಿಕೊಂಡರು. ಅವ್ವಾರು ಮಾತ್ರ ಬಂದು ನನ್ನನ್ನು ಬೀಸುಕಲ್ಲಿನ ಎದುರು ಕೂಡಿಸಿಕೊಂಡು, ಗೂಟ ಹಿಡಿದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಶಿವನ ಮ್ಯಾಲ ಸಿಟ್ಟೈತೇನು, ತಂಗಿ?”

ಹೌದೆಂದು ತಲೆಯಾಡಿಸಿದೆ.

“ಇರ್ಲಿ. ಸಿಟ್ಟಿನಾಗ ಕರೆದ್ರೂ ಅಂವಗ ಕೇಳಸ್ತೈತಿ. ಕರಿಯೂದು ಬಿಡಬ್ಯಾಡ.”

ಅಂದು ಹಿಟ್ಟು ಮುಗಿಯುವ ಹೊತ್ತಿಗೆ ಅವ್ವಾರು ಹಾಡುತ್ತಿದ್ದ ಪದದ ಕೊನೆಯ ಸಾಲಿಗೆ ನನ್ನ ದನಿಯೂ ಸೇರಿತ್ತು.

ನಿಜಾಮರ ಆಳ್ವಿಕೆಯ ಕಡೆಯ ಮಳೆಗಾಲ ಬಂತು. ಮೂಡಣ ದಿಕ್ಕಿನ ಹಳ್ಳಿಗಳಿಂದ ಹೊಗೆ ಏಳುತ್ತಿತ್ತು. ನಿಜಾಮರ ಪರ ಆಯುಧ ಹಿಡಿದ ದಂಡು ಇವತ್ತು ಆ ಊರು, ನಾಳೆ ಈ ಊರು ಎಂಬ ಸುದ್ದಿ. ಗುಡಿಯ ಗಂಟೆ ನಿಂತಿತು. ನಾಯಿಗಳು ಕೂಡ ಬೊಗಳದೆ ಗೋಡೆಗೆ ಒತ್ತಿ ಮಲಗುತ್ತಿದ್ದವು. ನಾನು ಮತ್ತೆ ಬಸುರಿಯಾಗಿದ್ದೆ.

ಒಂದು ಮಧ್ಯಾಹ್ನ ನನ್ನ ಗಂಡ ಬಂಡಿ ಹೂಡಿದರು. ನಿಜಾಮರ ಸರಹದ್ದು ದಾಟಿ ಗಜೇಂದ್ರಗಡ ಸೇರಬೇಕಿತ್ತು. ಓಣಿಯ ಹೆಂಗಸರು ಹತ್ತಿದ ಮೇಲೆ ಒಬ್ಬರಿಗಷ್ಟೇ ಜಾಗ ಉಳಿಯಿತು.

“ಅವ್ವಾರ, ಹತ್ತರಿ. ಹೊತ್ತಿಲ್ಲ,” ಎಂದರು ಗಂಡ.

ಅವ್ವಾರು ಪಕ್ಕದ ಮನೆಗೆ ಹೋಗಿ, ಮಕ್ಕಳು ಬಿಟ್ಟುಹೋಗಿದ್ದ ಲಕ್ವಾ ಹೊಡೆದ ಮುದುಕಿಯನ್ನು ಎತ್ತಿಕೊಂಡು ಬಂದು ಆ ಜಾಗದಲ್ಲಿ ಕೂಡಿಸಿದರು.

“ಈಕೀಗೆ ಕಾಲಿಲ್ಲ, ನನಗ ಅದಾವು. ನಡೀರಿ, ಹಿಂದಿಂದ ಬರ್ತೀನಿ.”

ಬರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಊರಿಗೆ ಮರಳಿದೆವು. ಓಣಿಯ ತುದಿಯಲ್ಲಿದ್ದ, ಹತ್ತಿ ಹಿಂಜುವ ಮುಸಲ್ಮಾನ ಮುದಿ ಪಿಂಜಾರ ಊರು ಬಿಟ್ಟಿರಲಿಲ್ಲ. ಅವನೇ ಹೇಳಿದ: “ನೀವು ಕೆರಿ ದಾಟಿರಲಿಲ್ಲ, ದಂಡು ಬಂತು. ಬಂಡಿ ಎತ್ತ ಹೋತು ಅಂತ ಅವ್ವಾರ್ನ ಕೇಳಿದ್ರು. ಅವ್ವಾರು ಯಲಬುರ್ಗಿ ದಾರಿ ತೋರಿಸಿದ್ರು. ಕುದುರಿ ಅತ್ತ ಓಡಿದ್ವು.”

“ಆಮ್ಯಾಲ?”



“ಸುಳ್ಳು ಅಂತ ತಿಳಿದು ದಂಡಿನವ್ರು ತಿರುಗಿ ಬಂದ್ರು, ತಂಗಿ. ಅವ್ವಾರ್ನ ನಾನಽ ಮಣ್ಣು ಮಾಡೀನಿ. ನಿಮ್ಮ ಪದ್ಧತಿ ನನಗ ಗೊತ್ತಿರಲಿಲ್ಲ.”

ಬಂಡಿಯಲ್ಲಿ ನನ್ನ ಹೊಟ್ಟೆಯೊಳಗಿದ್ದ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಪೂಜೆಗೆ ಕೂತಾಗ ಮೊದಲು ಅವ್ವಾರನ್ನು ನೆನೆಯಬೇಕೆಂದು ಅವಳಿಗೆ ಕಲಿಸಿದ್ದೇನೆ. ಶಿವ ಅಷ್ಟು ಹೊತ್ತು ಕಾಯುತ್ತಾನೆ.