ಗುಂಡನಿಗೆ ಹಣ್ಣು ಕೊಡುತ್ತಿದ್ದ ಕೈ

ನಮ್ಮಕ್ಕನನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ, ಒಡಹುಟ್ಟಿದವಳು ನಾನು. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಅಡುಗೆ ಮಾಡಿದಳು. ಆ ಮನೆಯ ನಾಯಿ ಗುಂಡನಿಗೆ ಸಂಜೆ ಹಣ್ಣು ಹೆಚ್ಚಿ ಕೊಡುವುದೂ ಅವಳದೇ ಕೆಲಸ. ಸೇಬಾದರೆ ಬೀಜ, ನಡುವಿನ ಗಟ್ಟಿ ಭಾಗ ತೆಗೆಯಬೇಕು. ಕಲ್ಲಂಗಡಿಯಲ್ಲಿ ಬೀಜವೂ ಇರಬಾರದು, ಸಿಪ್ಪೆಯೂ ಇರಬಾರದು. ಬಾಳೆಹಣ್ಣು ನಾಲ್ಕೇ ಬಿಲ್ಲೆ. ಮಾವಿನ ಓಟೆ ಗಂಟಲಿಗೆ ಸಿಕ್ಕೀತು ಅಂತ ಕಸದ ಬುಟ್ಟಿಗೆ ಮುಚ್ಚಳ ಬೇರೆ. ದ್ರಾಕ್ಷಿಯಂತೂ, ಹಸಿಯದಾಗಲಿ ಒಣಗಿದ್ದಾಗಲಿ, ಒಂದೂ ಕೂಡದು, ಕಿಡ್ನಿ ಕೆಡುತ್ತದೆ. ನಮ್ಮ ಮಕ್ಕಳಿಗೆ ಹಣ್ಣು ತೊಳೆದು ಕೊಟ್ಟರೆ ಅದೇ ಹೆಚ್ಚು!

ಗುಂಡನಿಗೆ ಅಕ್ಕನ ಹೊರತು ಬೇರೆ ಯಾರೂ ಹಣ್ಣು ಕೊಡುವ ಹಾಗಿರಲಿಲ್ಲ. ಅಮ್ಮಾವ್ರೇ ಮಾಡಿದ ಕಟ್ಟುಪಾಡು. "ನನ್ನ ಕೈ ಮೇಲೆ ಅವರಿಗೆ ಎಷ್ಟು ನಂಬಿಕೆ ನೋಡೇ" ಅಂತ ಅಕ್ಕ ಬೀಗುತ್ತಿದ್ದಳು. ನಂಬಿಕೆಯಂತೆ!

ಒಂದು ಭಾನುವಾರ ಮಧ್ಯಾಹ್ನ ಯಜಮಾನರ ಆಫೀಸಿನವರು ಊಟಕ್ಕೆ ಬಂದಿದ್ದರು. ಅಮ್ಮಾವ್ರು ಫೋನ್ ಬಂತೆಂದು ಮಹಡಿಗೆ ಹೋದರು. ಯಜಮಾನರು ಮೇಜಿನ ಮೇಲಿದ್ದ ದ್ರಾಕ್ಷಿಯನ್ನು ಒಂದೊಂದಾಗಿ ಮೇಲಕ್ಕೆ ಎಸೆದರು. ಗುಂಡ ಹಾರಿ ಹಾರಿ ಹಿಡಿದು ನುಂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸರ್, ಬೇಡ ಸರ್. ಅದು ಅವನಿಗೆ ವಿಷ" ಅಂದಳು ಅಕ್ಕ, ಅಡುಗೆಮನೆ ಬಾಗಿಲಲ್ಲಿ ನಿಂತು.

"ನೋಡ್ರಪ್ಪ, ನಮ್ಮನೇಲಿ ಡಾಕ್ಟ್ರೂ ಇದಾರೆ" ಅಂದರು ಅವರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಒಳಗೆ ಹೋಗಿ ಪಾತ್ರೆ ತೊಳೆದಳು.

ಮಾರನೆಯ ಬೆಳಗ್ಗೆ ಗುಂಡ ವಾಂತಿ ಮಾಡಿಕೊಂಡು ಮೂಲೆಯಲ್ಲಿ ಬಿದ್ದಿದ್ದ. ಯಜಮಾನರು, ಅಮ್ಮಾವ್ರು, ಅಕ್ಕ, ಮೂವರೂ ಅವನನ್ನು ಕಾರಿಗೆ ಹಾಕಿಕೊಂಡು ನಾಯಿ ಡಾಕ್ಟರ ಹತ್ತಿರ ಓಡಿದರು.

"ಏನು ತಿಂದಿದೆ ಅಂತ ಸರಿಯಾಗಿ ಹೇಳಿ. ಇಲ್ಲಾಂದ್ರೆ ಕಷ್ಟ" ಅಂದರು ಡಾಕ್ಟರು.

ಯಜಮಾನರು ತುಟಿಪಿಟಕ್ಕೆನ್ನಲಿಲ್ಲ. ದ್ರಾಕ್ಷಿ ಅಂತ ಬಾಯಿಬಿಟ್ಟರೆ ಅದು ತನ್ನ ತಲೆಗೇ ಬರುತ್ತದೆ, ಕೆಲಸ ಹೋಗುತ್ತದೆ ಅಂತ ತಿಳಿಯದಷ್ಟು ಪೆದ್ದಿಯಲ್ಲ ನಮ್ಮಕ್ಕ. ಆದರೆ ಹೇಳದಿದ್ದರೆ ಗುಂಡ ಉಳಿಯುತ್ತಿರಲಿಲ್ಲ.

"ದ್ರಾಕ್ಷಿ ತಿಂದಿದಾನೆ ಡಾಕ್ಟ್ರೇ. ನಿನ್ನೆ ಮಧ್ಯಾಹ್ನ. ಹದಿನೈದಿಪ್ಪತ್ತು ಇರಬಹುದು."

ಅಮ್ಮಾವ್ರು ತಟ್ಟನೆ ತಿರುಗಿದರು. "ಯಾರು ಕೊಟ್ಟಿದ್ದು?"

"ಹಣ್ಣು ಕೊಡೋದು ಅವಳೊಬ್ಬಳೇ ತಾನೆ?" ಅಂದರು ಯಜಮಾನರು.

ಹೊರಗಿನವರ ಎದುರು ಮನೆಯವರ ಮರ್ಯಾದೆ ತೆಗೆಯಬಾರದು ಅಂತ ಅಕ್ಕ ಸುಮ್ಮನಾದಳಂತೆ. ಮರ್ಯಾದೆಯಂತೆ, ಮಣ್ಣಂತೆ!

ಮೂರು ದಿನ ಡ್ರಿಪ್ ಹಾಕಿ ಗುಂಡನನ್ನು ಉಳಿಸಿದರು. ನಾಲ್ಕನೆಯ ದಿನ ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವಳು ಹೊತ್ತಿಗೆ ಮುಂಚೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ನಾನು ಎಗರಿಬಿದ್ದೆ.

"ಬಾಯಿ ಸತ್ತುಹೋಗಿತ್ತೇನೇ? ನಿಮ್ಮ ಗಂಡನೇ ಕೊಟ್ಟಿದ್ದು ಅನ್ನೋಕೆ ಏನು ಧಾಡಿ ನಿನಗೆ?"

"ಇವತ್ತು ಹೇಳ್ದೆ ಕಣೆ. ಅಮ್ಮಾವ್ರೊಬ್ಬರೇ ಇದ್ದಾಗ."

"ನಂಬಲಿಲ್ವಾ?"

"ನಂಬದೇ ಏನು, ಆಸ್ಪತ್ರೇಲೇ ಗೊತ್ತಾಯ್ತಂತೆ ಅವರಿಗೆ." ಅಕ್ಕ ಗೋಡೆಗೆ ಒರಗಿ ಕೂತಳು. "'ನಿನ್ನ ಮುಖ ನೋಡಿದಾಗೆಲ್ಲ ಯಜಮಾನ್ರಿಗೆ ಅದೇ ನೆನಪಾಗುತ್ತೆ. ಹಾಗಂತ ಅವರನ್ನ ಮನೆ ಬಿಟ್ಟು ಕಳಿಸೋಕಾಗುತ್ತಾ, ನೀನೇ ಹೇಳು' ಅಂದ್ರು."